ಊರಿಗೆ ಹೊರಡುವ ಮುನ್ನ ಬ್ಯಾಟರಿ ಅರ್ಧಕ್ಕಿರಲಿ

ಕಳೆದ ಬೇಸಿಗೆಯಲ್ಲಿ ಊರಿಗೆ ಹೊರಟಾಗ, ಠಾಣೆಯ ನೌಪಾಡಾದ ನಮ್ಮ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿಯೇ ಬಿಟ್ಟಿದ್ದೆ. ತಿಂಗಳ ಬಳಿಕ ಬಂದರೆ ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿತ್ತು. ಬೆಂಕಿ ಹೊತ್ತಿಕೊಳ್ಳದಿದ್ದದ್ದೇ ಪುಣ್ಯ.

ಲಿಥಿಯಂ ಅಯಾನ್ ಕೋಶಕ್ಕೆ ಪೂರ್ಣ ಚಾರ್ಜ್ ಎಂದರೆ ಸಾಮಾನ್ಯವಾಗಿ 4.2 ವೋಲ್ಟ್. ಅಷ್ಟು ತುಂಬಿರುವಾಗ ಸೆಕೆಯೂ ಸೇರಿದರೆ ಒಳಗಿನ ದ್ರಾವಣ ಬೇಗ ಕೆಟ್ಟು ಅನಿಲ ಬಿಡುತ್ತದೆ. ಹಾಗೆಂದು ಸೊನ್ನೆಗಿಳಿಸುವುದೂ ತಪ್ಪು. ಅದು ನಿಕಲ್ ಕ್ಯಾಡ್ಮಿಯಂ ಕಾಲದ ಅಭ್ಯಾಸ.

ದಿನಬಳಕೆಯಲ್ಲಿ ಚಾರ್ಜ್ ಶೇ 20ರಿಂದ 80ರ ನಡುವೆ ಇರಲಿ. ಊರಿಗೆ ಹೊರಟರೆ ಶೇ 50ಕ್ಕೆ ನಿಲ್ಲಿಸಿ, ಆಫ್ ಮಾಡಿ, ಬಿಸಿಲು ಬೀಳದ ತಂಪು ಜಾಗದಲ್ಲಿಡಿ. ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿ, ಮನೆಯ ಕಸಕ್ಕೂ ಹಾಕಬೇಡಿ. ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.

ಈಗ ಬೀಗ ಹಾಕುವ ಮುನ್ನ ಗ್ಯಾಸ್ ಜತೆಗೆ ಚಾರ್ಜರನ್ನೂ ನೋಡುತ್ತೇನೆ.