ಕೊಚ್ಚಿಯಿಂದ ತಿರುವನಂತಪುರದವರೆಗೆ: ಮೂವರು ಇಸ್ಲಾಮೀ ವಿದ್ವಾಂಸರು

ಯಾವುದೇ ಮತಧರ್ಮದ ಚರಿತ್ರೆಯಲ್ಲಿ ಶಾಸ್ತ್ರವನ್ನು ರಚಿಸಿದವರಷ್ಟೇ ಗಣ್ಯರು, ಅದನ್ನು ಜನರ ಮನೆಮಾತಿಗೆ ತಂದವರು. ಗಾಜಾದಲ್ಲಿ ಜನಿಸಿ ಈಜಿಪ್ಟಿನಲ್ಲಿ ದಿವಂಗತರಾದ ಇಮಾಮ್ ಶಾಫಿ (767–820) ಅವರು ಇಸ್ಲಾಮೀ ಧರ್ಮಶಾಸ್ತ್ರದ ವಿಚಾರಕ್ಕೆ ಒಂದು ಕ್ರಮವನ್ನು ಹಾಕಿಕೊಟ್ಟರು. ಕೇರಳದ ಮಾಪಿಳ್ಳೆಗಳಂತೆಯೇ ನಮ್ಮ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಇಂದಿಗೂ ಆ ಪಂಥವನ್ನೇ ಅನುಸರಿಸುತ್ತಾರೆ. ಆ ವಿದ್ಯೆಯು ಕೇರಳದಲ್ಲಿ ಬೇರೂರಿ, ಅರಬ್ಬೀ ಭಾಷೆಯಿಂದ ಮಲೆಯಾಳಕ್ಕೆ ಇಳಿದು ಬಂದ ಬಗೆಯನ್ನು ಮೂವರು ವಿದ್ವಾಂಸರ ಜೀವನದಿಂದ ತಿಳಿಯಬಹುದು.

ಮೊದಲನೆಯವರು ಶೇಖ್ ಝೈನುದ್ದೀನ್ ಮಖ್ದೂಮ್. ಇವರು 1467ರಲ್ಲಿ ಕೊಚ್ಚಿಯಲ್ಲಿ ಜನಿಸಿದರು. ಮೆಕ್ಕಾ ಮತ್ತು ಕೈರೋಗಳಲ್ಲಿ ವ್ಯಾಸಂಗ ಮಾಡಿ ಬಂದು, ಪೊನ್ನಾನಿಯಲ್ಲಿ ನೆಲೆಸಿದರು. ಅಲ್ಲಿಯ ಮಸೀದಿಯ ತೂಗುದೀಪದ ಸುತ್ತ ಕುಳಿತು ಓದುವುದೇ ವಿದ್ವತ್ತಿನ ಗುರುತೆನಿಸಿತು. ಇವರ ಮೊಮ್ಮಗ ಎರಡನೆಯ ಝೈನುದ್ದೀನರು ಬರೆದ 'ಫತ್‌ಹುಲ್ ಮುಈನ್' ಎಂಬ ಶಾಫಿ ಧರ್ಮಶಾಸ್ತ್ರಗ್ರಂಥವನ್ನು ಇಂಡೋನೇಷ್ಯದಲ್ಲಿಯೂ ಪಾಠ ಹೇಳುತ್ತಾರೆ. ಪೋರ್ಚುಗೀಸರ ಹಾವಳಿಯನ್ನು ವರ್ಣಿಸುವ 'ತುಹ್ಫತುಲ್ ಮುಜಾಹಿದೀನ್' ಎಂಬ ತಮ್ಮ ಚರಿತ್ರೆಯನ್ನು ಅವರು ಬಿಜಾಪುರದ ಅಲಿ ಆದಿಲಶಹನಿಗೆ ಅರ್ಪಿಸಿದರೆಂಬುದು ಕನ್ನಡಿಗರಿಗೆ ಸ್ವಾರಸ್ಯಕರ ಸಂಗತಿ.

ಆದರೆ ಇವೆಲ್ಲವೂ ಅರಬ್ಬೀ ಗ್ರಂಥಗಳು. ಸಾಮಾನ್ಯ ಮಾಪಿಳ್ಳೆಯು ಓದುತ್ತಿದ್ದುದು ಅರಬ್ಬೀ-ಮಲೆಯಾಳವನ್ನು. ಎಂದರೆ, ಅರಬ್ಬೀ ಲಿಪಿಯಲ್ಲಿ ಬರೆದ ಮಲೆಯಾಳವನ್ನು. ಮಂಗಳೂರಿನವರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವುದನ್ನು ಇಲ್ಲಿ ನೆನೆಯಬಹುದು. ಮಲೆಯಾಳ ಲಿಪಿಯನ್ನೂ ಇಂಗ್ಲಿಷನ್ನೂ ಕಲಿಯುವುದು ಧರ್ಮಬಾಹಿರವೆಂಬ ಭಾವನೆ ಹಲವರಲ್ಲಿತ್ತು. ಇದರಿಂದ ಸಮಾಜವು ಶಾಲೆಯಿಂದಲೂ ಉದ್ಯೋಗದಿಂದಲೂ ದೂರವುಳಿಯಿತು. ಈ ಭಾವನೆಯನ್ನು ಎದುರಿಸಿದವರು ಸನಾವುಲ್ಲಾ ಮಕ್ತಿ ತಂಙಳ್ (1847–1912). ಅಬಕಾರಿ ಇಲಾಖೆಯ ಉದ್ಯೋಗವನ್ನು ತ್ಯಜಿಸಿದ ಇವರು ಕೊಚ್ಚಿಯಿಂದ 'ಸತ್ಯಪ್ರಕಾಶಂ' ಪತ್ರಿಕೆಯನ್ನು ಹೊರಡಿಸಿದರು. ಕ್ರೈಸ್ತ ಮಿಶನರಿಗಳೊಡನೆ ಮಲೆಯಾಳದಲ್ಲೇ ವಾದ ಮಾಡಿದರು. ನಾಡನುಡಿಯನ್ನು ಕಲಿಯಿರೆಂದು ಸ್ವಧರ್ಮೀಯರಿಗೆ ಬೋಧಿಸಿದರು. ಇಕ್ಕಡೆಯಿಂದಲೂ ನಿಷ್ಠುರವನ್ನೇ ಉಂಡರು.

ಇವರು ತೆರೆದ ದಾರಿಯಲ್ಲಿ ಮುಂದೆ ಸಾಗಿದವರು ವಕ್ಕಂ ಅಬ್ದುಲ್ ಖಾದರ್ ಮೌಲವಿ (1873–1932). ತಿರುವನಂತಪುರದ ಬಳಿಯ ವಕ್ಕಂ ಗ್ರಾಮದ ಸಿರಿವಂತ ಮನೆತನದಲ್ಲಿ ಜನಿಸಿದ ಇವರು 1905ರಲ್ಲಿ ಸ್ವಂತ ಹಣದಿಂದ 'ಸ್ವದೇಶಾಭಿಮಾನಿ' ಪತ್ರಿಕೆಯನ್ನು ಆರಂಭಿಸಿದರು. ಮರುವರ್ಷ ಕೆ. ರಾಮಕೃಷ್ಣ ಪಿಳ್ಳೆಯವರನ್ನು ಸಂಪಾದಕರನ್ನಾಗಿ ನೇಮಿಸಿ, ಅವರಿಗೆ ಪೂರ್ಣ ಸ್ವಾತಂತ್ರ್ಯವನ್ನಿತ್ತರು. ಪತ್ರಿಕೆಯು ದಿವಾನರ ಆಡಳಿತವನ್ನು ನಿರ್ಭಯವಾಗಿ ಟೀಕಿಸಿತು. ಪರಿಣಾಮವಾಗಿ 1910ರ ಸೆಪ್ಟೆಂಬರ್ 26ರಂದು ತಿರುವಾಂಕೂರು ಸರಕಾರವು ಮುದ್ರಣಾಲಯವನ್ನು ವಶಪಡಿಸಿಕೊಂಡು, ಪಿಳ್ಳೆಯವರನ್ನು ಗಡೀಪಾರು ಮಾಡಿತು. ಅವರು 1916ರಲ್ಲಿ ಕಣ್ಣೂರಿನಲ್ಲಿ ತೀರಿಕೊಂಡರು. ಮುದ್ರಣಾಲಯವನ್ನು ಮರಳಿ ಬೇಡುವಂತೆ ಹಿತೈಷಿಗಳು ಹೇಳಿದಾಗ, ಸಂಪಾದಕನೇ ಇಲ್ಲದ ಮೇಲೆ ತನಗೆ ಯಂತ್ರವೇಕೆಂದು ಮೌಲವಿಯವರು ನಿರಾಕರಿಸಿದರೆಂದು ಪ್ರತೀತಿ.

ಧನನಷ್ಟದಿಂದ ಅವರ ಉತ್ಸಾಹವು ಕುಂದಲಿಲ್ಲ. ಕೈರೋದ 'ಅಲ್ ಮನಾರ್' ಪತ್ರಿಕೆಯ ಸುಧಾರಣಾ ವಿಚಾರಗಳು ಅವರ ಮೇಲೆ ಪ್ರಭಾವ ಬೀರಿದ್ದವು. ಮಲೆಯಾಳ ಲಿಪಿಯಲ್ಲಿ 'ಮುಸ್ಲಿಂ' ಮಾಸಿಕವನ್ನು ನಡೆಸಿದ್ದ ಅವರೇ 1918ರಲ್ಲಿ 'ಅಲ್ ಇಸ್ಲಾಂ' ಪತ್ರಿಕೆಯನ್ನು ಅರಬ್ಬೀ-ಮಲೆಯಾಳದಲ್ಲಿ ಪ್ರಕಟಿಸಿದರು. ಇದರಲ್ಲಿ ವಿರೋಧವೇನೂ ಇಲ್ಲ. ಮನೆಯೊಳಗಿನ ಸ್ತ್ರೀಯರಿಗೆ ತಿಳಿದಿದ್ದುದು ಆ ಲಿಪಿಯೊಂದೇ. ಸ್ತ್ರೀಶಿಕ್ಷಣದ ಮಾತು ಅವರ ಕೈಗೇ ತಲುಪಬೇಕಾಗಿತ್ತು. ಸಂಪ್ರದಾಯಸ್ಥರು ವಿರೋಧಿಸಿದರು, ಪತ್ರಿಕೆಯು ಬೇಗನೆ ನಿಂತಿತು. ಆದರೆ ಹೆಣ್ಣುಮಕ್ಕಳು ಶಾಲೆಗೆ ಹೋಗಬೇಕೆಂಬ ಮಾತು ನಿಲ್ಲಲಿಲ್ಲ. ಸರಕಾರವು ಕಸಿದುಕೊಂಡಿದ್ದ ಮುದ್ರಣಾಲಯವು ಕೇರಳ ರಾಜ್ಯದ ಉದಯದ ತರುವಾಯ ಅವರ ಕುಟುಂಬಕ್ಕೆ ಮರಳಿ ದೊರಕಿತು. ಅದನ್ನು ಕಾಣಲು ಮೌಲವಿಯವರು ಇರಲಿಲ್ಲ.

ಒಬ್ಬರು ದೀಪದ ಬುಡದಲ್ಲಿ ವಿದ್ಯೆಯನ್ನು ಕಲಿಸಿದರು. ಇನ್ನೊಬ್ಬರು ಅದಕ್ಕೆ ನಾಡನುಡಿಯ ಬಾಗಿಲನ್ನು ತೆರೆದರು. ಮೂರನೆಯವರು ಅದನ್ನು ಅಡುಗೆಮನೆಯವರೆಗೂ ಒಯ್ದರು. ಧರ್ಮದ ಭಾಷೆಯನ್ನು ಗೌರವಿಸುತ್ತಲೇ ನೆಲೆಸಿದ ನೆಲದ ಭಾಷೆಯನ್ನು ತಮ್ಮದಾಗಿಸಿಕೊಂಡ ಇವರ ಚರಿತ್ರೆಯು, ತಾಯ್ನುಡಿಯನ್ನು ಎದೆಯಲ್ಲಿರಿಸಿಕೊಂಡು ಪರನಾಡಿನಲ್ಲಿ ಬಾಳುವ ಕನ್ನಡಿಗರಿಗೆ ಅಪರಿಚಿತವಾಗಿ ತೋರಲಾರದು.