ಟ್ರಿಸ್ಟನ್ ದ್ವೀಪದ ಜನಜೀವನ

ಆಫ್ರಿಕಾ ಖಂಡಕ್ಕೂ ದಕ್ಷಿಣ ಅಮೆರಿಕಕ್ಕೂ ನಡುವೆ ಹಬ್ಬಿರುವ ದಕ್ಷಿಣ ಅಟ್ಲಾಂಟಿಕ್ ಸಾಗರದ ಭೂಪಟವನ್ನು ಶ್ರೋತೃಗಳು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಅದರಲ್ಲಿ, ಕೇಪ್ ಟೌನ್ ನಗರದಿಂದ ಪಶ್ಚಿಮಕ್ಕೆ ಸುಮಾರು ೧,೭೦೦ ಮೈಲಿ ದೂರದಲ್ಲಿ, ಸಾಸಿವೆಕಾಳಿನಷ್ಟು ಒಂದು ಚುಕ್ಕೆಯುಂಟು. ಅದೇ ಟ್ರಿಸ್ಟನ್ ಡ ಕುನ್ಹಾ ದ್ವೀಪ. ನೆರೆಯೂರು ಯಾವುದೆಂದು ಕೇಳಿದರೆ ೧,೫೦೦ ಮೈಲಿ ಆಚೆಯ ಸೇಂಟ್ ಹೆಲೀನಾ ದ್ವೀಪವನ್ನು ತೋರಿಸಬೇಕಾಗುವುದು. ವಿಮಾನನಿಲ್ದಾಣವಿಲ್ಲ, ಕೇಪ್ ಟೌನಿನಿಂದ ಹಡಗಿನಲ್ಲಿ ಒಂದು ವಾರದ ಪಯಣ. ಊರು ಒಂದೇ, ಜನ ಇನ್ನೂರೈವತ್ತಕ್ಕೂ ಕಡಮೆ. ಇಂತಹ ಎಡೆಯನ್ನು ಬಿಟ್ಟುಹೋಗುವ ಅವಕಾಶ ಒದಗಿದಾಗಲೂ ಅಲ್ಲಿಯ ಜನರು ಹಿಂದಿರುಗಿ ಬಂದರು. ಇದಕ್ಕೆ ಕಾರಣವೇನೆಂಬುದನ್ನು ಅವರ ನಿತ್ಯಜೀವನದಲ್ಲಿಯೇ ಹುಡುಕಬೇಕು.

೧೫೦೬ರಲ್ಲಿ ಪೋರ್ಚುಗೀಸ್ ನಾವಿಕನೊಬ್ಬನು ಈ ದ್ವೀಪವನ್ನು ಕಂಡು ತನ್ನ ಹೆಸರನ್ನು ಅದಕ್ಕಿತ್ತನು. ನೆಪೋಲಿಯನ್ನನನ್ನು ಸೇಂಟ್ ಹೆಲೀನಾದಲ್ಲಿ ಸೆರೆಯಿಟ್ಟ ತರುವಾಯ, ೧೮೧೬ರಲ್ಲಿ, ಆಂಗ್ಲೇಯರು ಇಲ್ಲಿ ಒಂದು ಸಣ್ಣ ಸೈನ್ಯವನ್ನು ನೆಲೆಗೊಳಿಸಿದರು. ಮರುವರ್ಷ ಸೈನ್ಯವು ಹಿಂದಿರುಗಿದಾಗ, ವಿಲಿಯಂ ಗ್ಲಾಸ್ ಎಂಬ ಕಾರ್ಪೊರಲ್ ತನ್ನ ಹೆಂಡತಿಮಕ್ಕಳೊಡನೆ ಅಲ್ಲಿಯೇ ಉಳಿದನು. ಇಬ್ಬರು ಕಲ್ಲುಕುಟಿಗರು ಅವನ ಜೊತೆಗಾರರಾದರು. ಇವರು ತಮ್ಮೊಳಗೆ ಒಂದು ಒಡಂಬಡಿಕೆಯನ್ನು ಬರೆದುಕೊಂಡರು. ದನಕರು, ದವಸಧಾನ್ಯ, ಲಾಭ ಇವೆಲ್ಲವೂ ಸಮಪಾಲು. ಒಬ್ಬನು ಮತ್ತೊಬ್ಬನಿಗಿಂತ ಮೇಲೆಂದು ವರ್ತಿಸತಕ್ಕದ್ದಲ್ಲ ಎಂಬುದು ಅದರ ಸಾರ. ಮುಂದೆ ಸೇಂಟ್ ಹೆಲೀನಾದಿಂದ ಬಂದ ಸ್ತ್ರೀಯರೂ, ಹಡಗು ಒಡೆದು ದಡ ಸೇರಿದ ನಾವಿಕರೂ ಈ ಸಂಸಾರದಲ್ಲಿ ಬೆರೆತುಹೋದರು. ೧೮೯೨ರಲ್ಲಿ ಹಾಗೆ ಬಂದು ನಿಂತ ಇಬ್ಬರು ಇಟಲಿಯವರ ಮನೆತನಗಳು ಈಗಲೂ ಅಲ್ಲಿವೆ.

ಆರು ಸಾವಿರ ಅಡಿಗಳಿಗೂ ಮಿಕ್ಕು ಎತ್ತರವಾದ ಜ್ವಾಲಾಮುಖಿಯ ತಪ್ಪಲಿನಲ್ಲಿ, ಕಡಲಿಗೂ ಕಡಿಬಂಡೆಗೂ ನಡುವೆ ಇರುವ ಕಿರಿದಾದ ಬಯಲೇ ಇವರ ಊರು. ಊರಿನಿಂದ ಎರಡು ಮೂರು ಮೈಲಿಯಾಚೆ, ಬೀಸುಗಾಳಿಗೆ ಅಡ್ಡಲಾಗಿ ಕಲ್ಲುಗೋಡೆಗಳನ್ನು ಕಟ್ಟಿದ ಪುಟ್ಟ ಪಾತಿಗಳಲ್ಲಿ ಆಲೂಗೆಡ್ಡೆಯನ್ನು ಬೆಳೆಯುತ್ತಾರೆ. ನಮಗೆ ರಾಗಿ ಹೇಗೋ ಅವರಿಗೆ ಆಲೂಗೆಡ್ಡೆ ಹಾಗೆ. ಎರಡನೆಯ ಮಹಾಯುದ್ಧದ ಕಾಲದವರೆಗೆ ಅಲ್ಲಿ ನಾಣ್ಯದ ಚಲಾವಣೆಯೇ ಇರಲಿಲ್ಲವೆನ್ನಬಹುದು. ತಮಗೆ ಅಂಚೆಚೀಟಿ ಬೇಕೆಂದು ೧೯೪೬ರಲ್ಲಿ ಕೇಳಿಕೊಂಡಾಗ ಮಾದರಿಯಾಗಿ ಅಚ್ಚು ಹಾಕಿಸಿದ ಚೀಟಿಯ ಮೇಲೆ ಒಂದು ಪೆನ್ನಿಯೊಡನೆ ನಾಲ್ಕು ಆಲೂಗೆಡ್ಡೆಗಳೆಂಬ ಬೆಲೆಯೂ ಇದ್ದಿತು.

ನೆಲವು ಊರಿಗೆಲ್ಲ ಸೇರಿದ್ದು. ಹೊರಗಿನವರು ಅದನ್ನು ಕೊಳ್ಳುವಂತಿಲ್ಲ. ಒಂದು ಮನೆಗೆ ಇಷ್ಟೇ ದನ, ಇಷ್ಟೇ ಕುರಿ ಎಂಬ ಮಿತಿಯುಂಟು. ಒಬ್ಬನ ಹಿಂಡು ಬೆಳೆದರೆ ಮಿಕ್ಕವರ ಹುಲ್ಲು ಕಡಮೆಯಾಗುವುದೆಂಬುದು ಅಂತಹ ಇಕ್ಕಟ್ಟಿನ ನೆಲದಲ್ಲಿ ಎಲ್ಲರಿಗೂ ಕಣ್ಣಿಗೆ ಕಾಣುವ ಲೆಕ್ಕ. ಊರಿನ ಮುಖ್ಯ ಆದಾಯವು ದೊಡ್ಡ ಸೀಗಡಿಯನ್ನು ಹೋಲುವ ಲಾಬ್‌ಸ್ಟರ್ ಎಂಬ ಜಲಚರದಿಂದ ಬರುತ್ತದೆ. ಕಡಲು ಶಾಂತವಾಗಿರುವ ದಿನಗಳು ವಿರಳ. ಅಂತಹ ದಿನ ಬೆಳಗಿನ ಜಾವದಲ್ಲಿ ತೂಗುಹಾಕಿದ ಲೋಹದ ಗಂಟೆಯನ್ನು ಬಾರಿಸುವರು. ಆ ಸದ್ದು ಕೇಳಿದೊಡನೆ ಉಳಿದ ಕೆಲಸಗಳನ್ನು ಬಿಟ್ಟು ದೋಣಿಗಳು ಹೊರಡುತ್ತವೆ.

ಈ ಕಡಲು ಕೊಡುವಂತೆ ಕಸಿದುಕೊಳ್ಳುವುದೂ ಉಂಟು. ೧೮೮೫ರಲ್ಲಿ, ಹಾದುಹೋಗುವ ಹಡಗೊಂದರೊಡನೆ ವ್ಯಾಪಾರ ಮಾಡಲು ದೋಣಿಯಲ್ಲಿ ಹೋದ ಹದಿನೈದು ಮಂದಿ ಗಂಡಸರು ಹಿಂದಿರುಗಲಿಲ್ಲ. ದುಡಿಯುವ ಗಂಡಸರಲ್ಲಿ ಬಹುಪಾಲು ಅವರೇ ಆಗಿದ್ದುದರಿಂದ ಊರು ವಿಧವೆಯರ ಊರಾಯಿತು. ಆದರೂ ಅದು ಬರಿದಾಗಲಿಲ್ಲ.

೧೯೬೧ರ ಅಕ್ಟೋಬರಿನಲ್ಲಿ ಊರಿನ ಮಗ್ಗುಲಲ್ಲಿಯೇ ನೆಲ ಬಿರಿದು ಲಾವಾರಸವು ಉಕ್ಕಿತು. ಸುಮಾರು ೨೬೦ ಮಂದಿ ಮನೆಗಳನ್ನು ತೊರೆದು, ಕೇಪ್ ಟೌನಿನ ಮಾರ್ಗವಾಗಿ ಇಂಗ್ಲೆಂಡನ್ನು ಸೇರಿದರು. ಅಲ್ಲಿ ಅವರಿಗೆ ವಸತಿಯೂ ಸಂಬಳದ ಕೆಲಸವೂ ದೊರೆತವು. ಆದರೆ ಬೀಗ ಹಾಕಿದ ಬಾಗಿಲುಗಳೂ, ಗಡಿಯಾರದ ಅಂಕೆಯ ಬದುಕೂ ಅವರಿಗೆ ಹೊಸತು. ಚಳಿಗಾಲದ ಶ್ವಾಸರೋಗಗಳೂ ಬಾಧಿಸಿದವು. ೧೯೬೨ರ ಡಿಸೆಂಬರಿನಲ್ಲಿ ಮತ ಕೇಳಿದಾಗ ಹಿಂದಿರುಗಬೇಕೆಂದವರು ೧೪೮ ಮಂದಿ; ಬೇಡವೆಂದವರು ಐವರು. ೧೯೬೩ರಲ್ಲಿ ಅವರಲ್ಲಿ ಬಹುಮಂದಿ ಮನೆ ಸೇರಿದರು. ಲಾಬ್‌ಸ್ಟರಿನ ಕಾರ್ಖಾನೆ ಲಾವಾದ ಅಡಿಯಲ್ಲಿತ್ತು. ಮನೆಗಳು ಬಹುಮಟ್ಟಿಗೆ ಉಳಿದಿದ್ದವು. ಮತ್ತೆ ಗೆಡ್ಡೆ ನೆಟ್ಟರು.

ಇದನ್ನು ಹಳ್ಳಿಗರ ಮುಗ್ಧತೆಯೆಂದು ತಳ್ಳಿಹಾಕುವುದು ಸುಲಭ. ಸ್ವರ್ಗವೆಂದು ಹೊಗಳುವುದು ಅದಕ್ಕಿಂತಲೂ ಸುಲಭ. ಎರಡೂ ಸರಿಯಲ್ಲ. ೧೯೬೬ರಲ್ಲಿ ಕೆಲವರು ಪುನಃ ಇಂಗ್ಲೆಂಡಿಗೆ ಹೋದರು. ಇಂದಿಗೂ ಕಠಿಣವಾದ ಕಾಯಿಲೆಗೆ ವೈದ್ಯವೆಂದರೆ ಕೇಪ್ ಟೌನಿನ ಹಡಗನ್ನು ಕಾಯಬೇಕು. ಅವರು ಎರಡು ಬಗೆಯ ಬಾಳನ್ನೂ ಕಂಡವರು. ಇಂಗ್ಲೆಂಡಿನಲ್ಲಿ ಕೂಲಿ ಹೆಚ್ಚು; ಟ್ರಿಸ್ಟನ್ನಿನಲ್ಲಿ, ಗಂಟೆ ಬಾರಿಸಿದಾಗ ತನ್ನ ದೋಣಿಯನ್ನು ತಳ್ಳಲು ನೆರೆಯವನು ಬಂದೇ ಬರುವನೆಂಬ ಭರವಸೆ. ಇವೆರಡರಲ್ಲಿ ಒಂದನ್ನು ಅವರು ತಿಳಿದೇ ಆರಿಸಿಕೊಂಡರು.