ಕನಸಿನಲ್ಲಿ ಪದೇ ಪದೇ ಹಾವು ಕಾಣುತ್ತಿದೆಯೆ?

ಮುಂಗಾರು ಹಿಡಿದು ನಾಗರಪಂಚಮಿ ಹತ್ತಿರವಾಗುವ ಹೊತ್ತಿಗೆ ನಮ್ಮ ಭಾಗದ ವೈದ್ಯರಿಗೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಬಿ.ಪಿ. ನೋಡಿಸಿಕೊಂಡು, ಮಾತ್ರೆ ಬರೆಸಿಕೊಂಡು, ಬಾಗಿಲವರೆಗೆ ಹೋದವರು ಹಿಂದಿರುಗಿ ನಿಂತು ಮೆಲ್ಲಗೆ ಕೇಳುವ ಪ್ರಶ್ನೆ ಇದು: "ಡಾಕ್ಟ್ರೇ, ವಾರದಲ್ಲಿ ಮೂರು ದಿನ ಕನಸಲ್ಲಿ ಹಾವು ಬರುತ್ತೆ. ಏನಾದ್ರೂ ದೋಷ ಇರಬಹುದಾ?" ಹಾಸನದ ಪೇಟೆಯವರೂ ಕೇಳುತ್ತಾರೆ, ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರರೂ ಕೇಳುತ್ತಾರೆ, ಚನ್ನರಾಯಪಟ್ಟಣದ ತೆಂಗಿನ ತೋಟದವರೂ ಕೇಳುತ್ತಾರೆ. ನಕ್ಕು ಕಳುಹಿಸಿಬಿಡುವ ಪ್ರಶ್ನೆ ಇದಲ್ಲ. ಏಕೆಂದರೆ ಇದರ ಹಿಂದೆ ಹಲವು ಬಾರಿ ನಿಜವಾದ ಕಾಯಿಲೆಯೋ, ಹೇಳಿಕೊಳ್ಳಲಾಗದ ದುಃಖವೋ ಅಡಗಿರುತ್ತದೆ.

ನಮ್ಮವರ ಕನಸಿನಲ್ಲಿ ಹಾವು ಬಾರದಿದ್ದರೇ ಆಶ್ಚರ್ಯಪಡಬೇಕು. ಹೊಳೆನರಸೀಪುರದ ನಾಲೆ ಬಯಲಿನ ಗದ್ದೆಗಳಲ್ಲಿ ಇಲಿ, ಕಪ್ಪೆ ಹೆಚ್ಚು. ಅವುಗಳ ಬೆನ್ನಟ್ಟಿ ಹಾವೂ ಬರುತ್ತದೆ. ಹುಲ್ಲಿನ ಬಣವೆ, ಸೌದೆ ರಾಶಿ, ತೆಂಗಿನ ಮಟ್ಟೆಯ ಗುಡ್ಡೆ ಮನೆಗೆ ಹೊಂದಿಕೊಂಡೇ ಇರುತ್ತವೆ. ಊರ ಮುಂದಿನ ಅಶ್ವತ್ಥಕಟ್ಟೆಯಲ್ಲಿ ನಾಗರಕಲ್ಲುಗಳಿವೆ. ರಾಮನಾಥಪುರದ ಸುಬ್ರಹ್ಮಣ್ಯ ಸ್ವಾಮಿಯ ಷಷ್ಠಿ ಜಾತ್ರೆಗೆ ಸುತ್ತಮುತ್ತಲ ತಾಲ್ಲೂಕುಗಳ ಜನ ಹೋಗುತ್ತಾರೆ. ಶ್ರವಣಬೆಳಗೊಳದ ಗೊಮ್ಮಟನ ಕಾಲ ಬಳಿಯೂ ಶಿಲ್ಪಿ ಹುತ್ತ ಕೆತ್ತಿ, ಅದರಿಂದ ಹಾವುಗಳು ತಲೆ ಹೊರಹಾಕುವಂತೆ ಮಾಡಿದ್ದಾನೆ. ಹಗಲೆಲ್ಲ ಕಾಣುವ, ಕೇಳುವ, ಕೈಮುಗಿಯುವ ಪ್ರಾಣಿ ರಾತ್ರಿ ಕನಸಿಗೆ ಬಂದರೆ ಅದರಲ್ಲಿ ವಿಶೇಷವೇನು?

ಇದರ ಮೇಲೆ ಹಾವಿನ ಭಯವನ್ನು ಬೇಗ ಕಲಿಯುವ ಗುಣ ಮಿದುಳಿಗೆ ಹುಟ್ಟಿನಿಂದಲೇ ಇರುವಂತಿದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಸೂಸನ್ ಮಿನೆಕಾ ಮತ್ತು ಸಂಗಡಿಗರು ಕೋತಿಗಳ ಮೇಲೆ ಪ್ರಯೋಗ ನಡೆಸಿದರು. ಪ್ರಯೋಗಾಲಯದಲ್ಲೇ ಬೆಳೆದು ಹಾವನ್ನೇ ಕಾಣದ ಕೋತಿಗಳಿಗೆ ಮೊದಲು ಹಾವಿನ ಹೆದರಿಕೆ ಇರಲಿಲ್ಲ. ಆದರೆ ಬೇರೊಂದು ಕೋತಿ ಹಾವಿಗೆ ಹೆದರುವುದನ್ನು ನೋಡಿದ ಕೂಡಲೇ ಅವೂ ಹೆದರಲು ಕಲಿತವು. ಹೂವನ್ನು ಕಂಡು ಹೆದರುವ ಕೋತಿಯನ್ನು ತೋರಿಸಿದಾಗ ಹಾಗೆ ಕಲಿಯಲಿಲ್ಲ!

ನಿದ್ರೆಯೆಂದರೆ ಇಡೀ ರಾತ್ರಿ ಒಂದೇ ಸಮನಾದ ಸ್ಥಿತಿಯಲ್ಲ. ಸುಮಾರು ಒಂದೂವರೆ ಗಂಟೆಗೊಮ್ಮೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಅತ್ತಿತ್ತ ವೇಗವಾಗಿ ಓಡಾಡುವ ಒಂದು ಘಟ್ಟ ಬರುತ್ತದೆ. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಇದನ್ನು ಜಗತ್ತಿಗೆ ತಿಳಿಸಿದರು. ಸ್ಪಷ್ಟವಾದ, ಕಥೆಯಂಥ ಕನಸುಗಳು ಹೆಚ್ಚಾಗಿ ಬೀಳುವುದು ಈ ಘಟ್ಟದಲ್ಲೇ. ಬೆಳಗಿನ ಜಾವದ ಹೊತ್ತಿಗೆ ಇದು ದೀರ್ಘವಾಗುವುದರಿಂದ ಕೆಟ್ಟ ಕನಸುಗಳೂ ಆಗಲೇ ಹೆಚ್ಚು. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಂಬಿಕೆಗೆ ಬಹುಶಃ ಇದೇ ಮೂಲ. ಅದು ನೆನಪಿನಲ್ಲಿ ಉಳಿಯುತ್ತದೆ, ಅಷ್ಟೆ.

ಕನಸಿನ ಫಲ ಹೇಳುವ ಪುಸ್ತಕಗಳು ಬಸ್‌ನಿಲ್ದಾಣದಲ್ಲಿ ಸಿಗುತ್ತವೆ. ಬಿಳಿ ಹಾವಾದರೆ ಧನಲಾಭ, ಕಚ್ಚಿದರೆ ಸಂತಾನ ಎಂದೆಲ್ಲ ಅವುಗಳಲ್ಲಿ ಬರೆದಿರುತ್ತದೆ. ಆದರೆ ನಮ್ಮ ಪುರಾತನ ವೈದ್ಯಗ್ರಂಥವಾದ ಚರಕ ಸಂಹಿತೆ ಈ ವಿಷಯದಲ್ಲಿ ಅಚ್ಚರಿಯಷ್ಟು ಎಚ್ಚರದಿಂದ ಮಾತನಾಡುತ್ತದೆ. ಅದು ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಿ, ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು ಕನಸಾಗಿ ಬಂದರೆ ಅದಕ್ಕೆ ಫಲವಿಲ್ಲ ಎಂದು ಹೇಳಿಬಿಡುತ್ತದೆ. ನನ್ನ ಬಳಿ ಬರುವ ಹಾವಿನ ಕನಸುಗಳೆಲ್ಲ ಹೆಚ್ಚುಕಡಿಮೆ ಈ ಐದರಲ್ಲೇ ಸೇರುತ್ತವೆ. ಇನ್ನು ಹಾವೆಂದರೆ ಲೈಂಗಿಕ ಬಯಕೆಯ ಸಂಕೇತ ಎಂಬ ಫ್ರಾಯ್ಡ್ ಮಹಾಶಯನ ವ್ಯಾಖ್ಯಾನ ಕಾಲೇಜು ಹುಡುಗರಿಗೆ ಬಾಯಿಪಾಠ. ಗದ್ದೆಯ ಬದುವಿನ ಮೇಲೆ ನಿಜವಾದ ಹಾವು ತುಳಿದವನಿಗೆ ಅದನ್ನು ಹೇಳಿ ಪ್ರಯೋಜನವಿಲ್ಲ.

ಈ ಕನಸು ಹೇಳಿಕೊಂಡು ಬರುವ ಹೆಣ್ಣುಮಕ್ಕಳಲ್ಲಿ, ಮದುವೆಯಾಗಿ ಮೂರು ನಾಲ್ಕು ವರ್ಷ ಕಳೆದರೂ ಮಕ್ಕಳಾಗದವರನ್ನು ನಾನು ಹಲವು ಬಾರಿ ಕಂಡಿದ್ದೇನೆ. ನಡೆಯುವುದು ಹೀಗೆ. ಮನೆಯಲ್ಲಿ ಯಾರೋ ಹಿರಿಯರು "ಸರ್ಪದೋಷ ಇರಬೇಕು" ಎನ್ನುತ್ತಾರೆ. ಅದೇ ಮಾತು ಅಡುಗೆಮನೆಯಲ್ಲಿ, ಮದುವೆಮನೆಯಲ್ಲಿ, ತವರಿನಲ್ಲಿ ಕಿವಿಗೆ ಬೀಳುತ್ತಲೇ ಇರುತ್ತದೆ. ರಾತ್ರಿ ಆಕೆಯ ಕನಸಿನಲ್ಲಿ ನಾಗರಹಾವು ಹೆಡೆಯೆತ್ತುತ್ತದೆ. ಬೆಳಿಗ್ಗೆ ಹೇಳಿದರೆ, "ನೋಡಿದೆಯಾ, ನಾವು ಹೇಳಿದ್ದೇ ನಿಜವಾಯಿತು" ಎನ್ನುತ್ತಾರೆ! ಮಾತು ಕನಸಾಗುತ್ತದೆ, ಕನಸು ಮಾತಿಗೆ ಸಾಕ್ಷಿಯಾಗುತ್ತದೆ. ನಡುವೆ ಆ ಹೆಣ್ಣುಮಗಳು ತಪ್ಪಿತಸ್ಥೆಯಾಗಿ ನಿಲ್ಲುತ್ತಾಳೆ. ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿ ಬಂದರೆ ಮನಸ್ಸಿಗೆ ನೆಮ್ಮದಿ ಎನ್ನುವವರಿಗೆ ನಾನು ಅಡ್ಡಿ ಹೇಳುವುದಿಲ್ಲ. ಆದರೆ ಒಂದು ವರ್ಷ ಒಟ್ಟಿಗಿದ್ದೂ ಗರ್ಭ ನಿಲ್ಲದಿದ್ದರೆ ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು. ಗಂಡನ ವೀರ್ಯಪರೀಕ್ಷೆ ಎಲ್ಲಕ್ಕಿಂತ ಸುಲಭವಾದದ್ದು. ಅದನ್ನೇ ಕೊನೆಗಿಟ್ಟು, ಕೆಲವೊಮ್ಮೆ ಮಾಡಿಸದೆಯೇ ಹರಕೆಯ ಮೇಲೆ ಹರಕೆ ಹೊರುತ್ತಾ ಹೆಂಡತಿಯ ವಯಸ್ಸು ಕಳೆಯುವ ಮನೆಗಳಿವೆ.

ಹಾವು ಕಚ್ಚಿ ಬದುಕಿ ಬಂದವರ ಕನಸು ಬೇರೆಯೇ ಬಗೆಯದು. ಗಾಯ ಮಾಯ್ದಿರುತ್ತದೆ, ಆದರೆ ಆತ ಸಂಜೆಯಾದ ಮೇಲೆ ಹೊಲದ ಕಡೆ ತಲೆ ಹಾಕುವುದಿಲ್ಲ, ಹಗ್ಗ ಕಂಡರೂ ಬೆಚ್ಚುತ್ತಾನೆ, ರಾತ್ರಿ ಕೂಗಿಕೊಂಡು ಏಳುತ್ತಾನೆ. ಶ್ರೀಲಂಕಾದ ರೈತಾಪಿ ಜನರಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಾವಿನ ಕಡಿತದಿಂದ ಪಾರಾದವರ ಪೈಕಿ ಸುಮಾರು ಐವರಲ್ಲಿ ಒಬ್ಬರಿಗೆ ಇಂಥ ಆಘಾತದ ಮನೋರೋಗ ಕಂಡುಬಂದಿತ್ತು. ಇದು ಹೇಡಿತನವಲ್ಲ, ಚಿಕಿತ್ಸೆಯಿರುವ ಕಾಯಿಲೆ.

ಮಾತ್ರೆಗಳೂ ಕನಸನ್ನು ಕೆಡಿಸಬಲ್ಲವು. ಅರೆತಲೆನೋವು, ಕೈನಡುಕಕ್ಕೆ ಕೊಡುವ ಪ್ರೊಪ್ರನಾಲಾಲ್ ಕೆಲವರಲ್ಲಿ ಭಯಂಕರ ಕನಸು ತರುತ್ತದೆ. ಮಕ್ಕಳ ಉಬ್ಬಸ, ಅಲರ್ಜಿಗೆ ಬಳಸುವ ಮಾಂಟೆಲುಕಾಸ್ಟ್ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ತನ್ನ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ನೀಡಿತು. ಅದರ ದುಷ್ಪರಿಣಾಮಗಳಲ್ಲಿ ಕೆಟ್ಟ ಕನಸೂ ಒಂದು. ಮಗು ಹೊಸದಾಗಿ ರಾತ್ರಿ ಚೀರಿ ಏಳುತ್ತಿದ್ದರೆ ಔಷಧಿಯ ಚೀಟಿಯನ್ನು ವೈದ್ಯರಿಗೆ ತೋರಿಸಿ. ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಪ್ರೊಪ್ರನಾಲಾಲನ್ನು ಒಮ್ಮೆಲೇ ಬಿಡುವುದು ಹೃದಯಕ್ಕೆ ಅಪಾಯ.

ಕುಡಿತದ ವಿಷಯ ಇನ್ನೂ ಗಂಭೀರ. ಪ್ರತಿವರ್ಷ ಶಬರಿಮಲೆ ಮಾಲೆ ಹಾಕುವ ಕಾಲದಲ್ಲಿ, ವರ್ಷಗಟ್ಟಲೆ ಕುಡಿದವರು ಒಂದೇ ದಿನಕ್ಕೆ ನಿಲ್ಲಿಸಿಬಿಡುತ್ತಾರೆ. ಸಂಕಲ್ಪ ಒಳ್ಳೆಯದೇ. ಆದರೆ ಎರಡನೆಯ ಮೂರನೆಯ ದಿನ ಕೈಕಾಲು ನಡುಗಿ, ಮೈ ಬೆವರಿ, "ಗೋಡೆ ಮೇಲೆ ಹಾವು ಹರೀತಿದೆ, ಹಾಸಿಗೆ ತುಂಬಾ ಹುಳ" ಎಂದು ಕೂಗಾಡತೊಡಗಿದರೆ ಅದು ಕನಸೂ ಅಲ್ಲ, ಸ್ವಾಮಿಯ ಮುನಿಸೂ ಅಲ್ಲ. ಮದ್ಯ ಹಠಾತ್ತನೆ ನಿಂತದ್ದರಿಂದ ಬಂದ ಸನ್ನಿ; ಚಿಕಿತ್ಸೆಯಿಲ್ಲದಿದ್ದರೆ ಜೀವಕ್ಕೇ ಎರವಾಗಬಹುದು. ಅದೇ ರಾತ್ರಿ ಆಸ್ಪತ್ರೆಗೆ ಸೇರಿಸಿ. ಬಹುಕಾಲ ಕುಡಿದವರು ವೈದ್ಯರ ನೆರವಿನಿಂದ ಬಿಡುವುದೇ ಕ್ಷೇಮ.

ಐವತ್ತು ದಾಟಿದವರು ಕನಸಿನ ಹಾವನ್ನು ಹೊಡೆಯಲು ಹೋಗಿ ಪಕ್ಕದಲ್ಲಿ ಮಲಗಿದವರಿಗೇ ಗುದ್ದುತ್ತಿದ್ದರೆ ನರರೋಗ ತಜ್ಞರಿಗೆ ತೋರಿಸಬೇಕು. ಕೆಲವರಲ್ಲಿ ಅದು ವರ್ಷಗಳ ನಂತರ ಬರುವ ಪಾರ್ಕಿನ್‌ಸನ್ ಕಾಯಿಲೆಯ ಮುನ್ಸೂಚನೆಯಾಗಿರುತ್ತದೆ.

ಇವಾವುದೂ ಇಲ್ಲದೆ ಕನಸು ಮಾತ್ರ ಕಾಡುತ್ತಿದ್ದರೆ ಸರಳವಾದ ಒಂದು ಉಪಾಯವಿದೆ. ಹಗಲು ಹೊತ್ತಿನಲ್ಲಿ ಕುಳಿತು ಆ ಕನಸನ್ನು ಒಂದು ಹಾಳೆಯಲ್ಲಿ ಬರೆಯಿರಿ, ಆದರೆ ಮುಕ್ತಾಯವನ್ನು ಬದಲಿಸಿ. ಹಾವು ಬೇಲಿ ದಾಟಿ ಹೊರಟುಹೋಯಿತು ಎನ್ನಿ, ಹಗ್ಗವಾಯಿತು ಎನ್ನಿ, ನಿಮ್ಮಿಷ್ಟ. ಈ ಹೊಸ ಕಥೆಯನ್ನು ದಿನವೂ ಹತ್ತು ಹದಿನೈದು ನಿಮಿಷ ಮನಸ್ಸಿನಲ್ಲಿ ನಡೆಸಿ ನೋಡಿ. ಕೇಳಲು ಮಕ್ಕಳಾಟದಂತಿದೆ, ಆದರೆ ಇದರಿಂದ ದುಃಸ್ವಪ್ನಗಳು ಕಡಿಮೆಯಾಗುವುದು ಸಂಶೋಧನೆಗಳಲ್ಲಿ ಕಂಡುಬಂದಿದೆ. ವಾರಕ್ಕೆ ಹಲವು ಬಾರಿ ಕನಸು ಬಿದ್ದು ಮಲಗುವುದಕ್ಕೇ ಹೆದರಿಕೆಯಾದರೆ, ಬದುಕೇ ಬೇಡವೆನಿಸಿದರೆ ಮನೋವೈದ್ಯರನ್ನು ಕಾಣಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಇನ್ನು, ಕನಸೆಂದು ಬಿಡಲೇಬಾರದ ಒಂದು ಸಂದರ್ಭವಿದೆ. ನಮ್ಮಲ್ಲಿನ ವಿಷಸರ್ಪಗಳಲ್ಲಿ ಕಟ್ಟುಹಾವು ಇರುಳಿನದು. ಕಡಂಬಳ ಎಂದೂ ಇದನ್ನು ಕರೆಯುತ್ತಾರೆ. ರಾತ್ರಿ ಮನೆಯೊಳಗೆ ಬಂದು, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ನೋವು ಅತ್ಯಲ್ಪ, ಊತವಿಲ್ಲ, ಹಲ್ಲಿನ ಗುರುತು ಕಾಣದೆಯೂ ಇರಬಹುದು. ಏನೋ ಚುಚ್ಚಿದಂತಾಗಿ ಎಚ್ಚರವಾದವರು ಕನಸೆಂದುಕೊಂಡು ಮಗ್ಗುಲು ಬದಲಿಸುತ್ತಾರೆ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ. ಮನೆಯವರು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸುತ್ತಾರೆ. ಅಷ್ಟರಲ್ಲಿ ಕಣ್ಣಿನ ರೆಪ್ಪೆಗಳು ಜೋತುಬೀಳುತ್ತವೆ, ಮಾತು ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ.

ನೆಲದಲ್ಲಿ ಮಲಗಿದ್ದವರಿಗೆ ಮುಂಜಾನೆ ಕಾರಣವಿಲ್ಲದೆ ಹೊಟ್ಟೆನೋವು ಬಂದು ರೆಪ್ಪೆ ಭಾರವಾದರೆ, ಹಾವನ್ನು ಯಾರೂ ಕಾಣದಿದ್ದರೂ ಕಡಿತವೆಂದೇ ಭಾವಿಸಿ 108ಕ್ಕೆ ಕರೆ ಮಾಡಿ. ಬಿಗಿಯಾಗಿ ಕಟ್ಟು ಹಾಕುವುದು, ಕೊಯ್ಯುವುದು, ಬಾಯಿಂದ ಹೀರುವುದು, ಮಂತ್ರ ಹಾಕಿಸಲು ಕರೆದೊಯ್ಯುವುದು ಯಾವುದೂ ಬೇಡ. ಪ್ರತಿವಿಷದ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಯಲ್ಲೇ ಶುರುವಾಗಲಿ; ಉಸಿರಾಟದ ಯಂತ್ರ ಬೇಕಾದರೆ ಅಲ್ಲಿಂದ ಹಾಸನದ ದೊಡ್ಡಾಸ್ಪತ್ರೆಗೆ ಕಳುಹಿಸುತ್ತಾರೆ. 2000ದಿಂದ 2019ರವರೆಗೆ ದೇಶದಲ್ಲಿ ಹಾವಿನ ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತಿರಬೇಕೆಂಬ ಅಂದಾಜಿದೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಇದನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದ್ದರಿಂದ, ಈಗ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು. ಮಳೆಗಾಲದಲ್ಲಿ ಮಂಚದ ಮೇಲೆ ಮಲಗಿ. ಮಂಚವಿಲ್ಲದವರು ಸೊಳ್ಳೆಪರದೆ ಕಟ್ಟಿ, ಅದರ ಅಂಚನ್ನು ನಾಲ್ಕೂ ಕಡೆ ಚಾಪೆಯ ಕೆಳಗೆ ಸಿಕ್ಕಿಸಿಕೊಳ್ಳಿ.